ತಾರಸಿ ಮೇಲೆ ‘ಸ್ಟಾಕರ್’ ತೋರಿಸಲಾ? ಅನುಭವ ಇದ್ದವರು ಹೇಳಿ

ಮಾಳಮಡ್ಡಿ ಹುಡುಗ: ಬರುವ ತಿಂಗಳು ಧಾರವಾಡದ ನಮ್ಮ ಮನೆ ತಾರಸಿ ಮೇಲೆ ಹತ್ತು ಹನ್ನೆರಡು ಗೆಳೆಯರಿಗೆ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಸ್ಟಾಕರ್’ ತೋರಿಸಬೇಕು ಅಂತಿದ್ದೇನೆ. 1979ರ ರಷ್ಯನ್ ಚಿತ್ರ, ಎರಡು ಗಂಟೆ ನಲವತ್ತು ನಿಮಿಷ. ಪ್ರೊಜೆಕ್ಟರ್ ಬಾಡಿಗೆಗೆ ತರಲಾ, ಕೊಳ್ಳಲಾ? ನಡುವೆ ಬ್ರೇಕ್ ಕೊಡಲಾ?

ಬೆಟಗೇರಿ ಮಗ್ಗ: ತಮ್ಮಾ, ನನ್ನ ಕಥೆ ಕೇಳು. ಎರಡು ವರ್ಷದ ಹಿಂದೆ ನಾನೂ ಇದೇ ಹುಚ್ಚಿಗೆ ಬಿದ್ದಿದ್ದೆ. ಹಾಲ್ ಬಾಡಿಗೆ 2,500. ಪ್ರೊಜೆಕ್ಟರ್, ಸ್ಪೀಕರ್ ಸೇರಿ 1,800. ನಲವತ್ತು ಕುರ್ಚಿ, ಒಂದಕ್ಕೆ 8ರಂತೆ 320. ಚಹಾ 400. ಹಾಲಿಗೆ ಒಂಬತ್ತು ಕಿಟಕಿ, ಒಂದಕ್ಕೂ ಪರದೆ ಇಲ್ಲ. 23 ಮೀಟರ್ ಕಪ್ಪು ಬಟ್ಟೆ ತಂದೆ, ಮೀಟರಿಗೆ 55, ಅಲ್ಲಿಗೆ 1,265. ಒಟ್ಟು 6,285.

ಮೊದಲ ಭಾಗ ಕಂದು ಬಣ್ಣದಲ್ಲಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಪ್ರೊಜೆಕ್ಟರಿನವನಿಗೆ ಗೊತ್ತಿರಲಿಲ್ಲ. ವೈರ್ ಲೂಸ್ ಆಗಿದೆ ಅಂದುಕೊಂಡು ಅರ್ಧ ಗಂಟೆ ಪಿನ್ ಕಿತ್ತ, ಹಾಕಿದ, ಕಿತ್ತ, ಹಾಕಿದ. ಬೇಡ ಮಾರಾಯಾ ಅಂದರೂ ಕೇಳಲಿಲ್ಲ. ಅಷ್ಟರಲ್ಲಿ ಚಿತ್ರದ ಮೂವರೂ ಹಳಿ ಮೇಲಿನ ಟ್ರಾಲಿ ಹತ್ತಿದರು. ಬರೀ ತಲೆಗಳು, ಖಟ್ ಖಟ್ ಸದ್ದು. ನಮ್ಮ ಪಕ್ಕದ ಓಣಿಯಲ್ಲಿ ಪವರ್‌ಲೂಮ್. ಯಾವುದು ಟ್ರಾಲಿ, ಯಾವುದು ಮಗ್ಗ ಅಂತ ನನಗೂ ತಿಳಿಯಲಿಲ್ಲ. ಅಷ್ಟು ಚೆಂದದ ಸದ್ದು ಯಾವ ಥಿಯೇಟರಿನಲ್ಲೂ ಕೇಳಿಲ್ಲ, ಆಣೆ. ಆಮೇಲೆ ಒಮ್ಮೆಲೇ ಹಸಿರು. ಪ್ರೊಜೆಕ್ಟರಿನವನು ಎದ್ದು ನಿಂತು, ‘ಬಂತು ನೋಡ್ರಿ ಕಲರ್, ನಾ ಹೇಳಲಿಲ್ಲೇನು!’ ಅಂದ. ಮಂದಿ ಚಪ್ಪಾಳೆ ಹೊಡೆದರು. ಇಡೀ ರಾತ್ರಿ ಬಿದ್ದ ಚಪ್ಪಾಳೆ ಅದೊಂದೇ.

ಬಂದವರು 38, ಕೊನೆಗೆ ಉಳಿದವರು ಏಳು. ಅದರಲ್ಲೊಬ್ಬ ಹಾಲಿನ ವಾಚ್‌ಮನ್, ಕೀಲಿ ಹಾಕಲು ಕೂತವನು. ತಲೆಗೆ 50ರಂತೆ 1,900 ಬಂತು, ಕೈಯಿಂದ 4,385 ಹೋಯಿತು. ತಾರ್ಕೋವ್‌ಸ್ಕಿ ಮೊದಲು ತೆಗೆದ ಹೊರಾಂಗಣದ ರೀಲುಗಳೂ ಲ್ಯಾಬಿನಲ್ಲಿ ಕೆಟ್ಟು, ಮತ್ತೆ ತೆಗೆಯಬೇಕಾಗಿತ್ತು. ಅದನ್ನು ನೆನೆದು ಸಮಾಧಾನ ಮಾಡಿಕೊಂಡೆ.

ಉಣಕಲ್ ದಂಡಿ: ಬಾಡಿಗೆ ಅಂದರೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ನಾನು 46,000 ಕೊಟ್ಟು ಕೊಂಡೆ. ಹನ್ನೆರಡು ಕಂತು, ತಿಂಗಳಿಗೆ 4,100. ಮೂರನೇ ಕಂತಿಗೇ ಫ್ಯಾನ್ ಕೂಗಲು ಶುರು. ಹುಬ್ಬಳ್ಳಿ ಧೂಳು ಗೊತ್ತಲ್ಲ. ಸರ್ವಿಸಿನವರು 2,200 ತೆಗೆದುಕೊಂಡು ಊದಿ ಕೊಟ್ಟರು. ಐದನೇ ಕಂತಿಗೆ ಮತ್ತೆ ಊದಿಸಿದೆ. ಈಗ ನಾನೇ ಸೈಕಲ್ ಪಂಪ್ ಹಿಡಿದು ಊದುತ್ತೇನೆ. ಆದರೂ ಒಂಚೂರು ಬೇಜಾರಿಲ್ಲ.

‘ಸ್ಟಾಕರ್’ ಮಾತ್ರ ಬೇಡ. ಅವನದೇ 1972ರ ‘ಸೊಲಾರಿಸ್’ ಹಾಕಿ. ಬಾಹ್ಯಾಕಾಶ ನಿಲ್ದಾಣ ಇದೆ, ಸುಳಿ ಸುತ್ತುವ ಸಮುದ್ರ ಇದೆ. ‘ಸ್ಟಾಕರ್’ನಲ್ಲಿ ಏನಿದೆ? ಹುಲ್ಲು, ಕೆಸರು. ಗದಗ-ಬೆಟಗೇರಿಯವರು ಮಗ್ಗದ ಸದ್ದಿಗೇ ಖುಷಿಪಟ್ಟಿದ್ದಾರೆ, ಪಾಪ.

ಬೆಟಗೇರಿ ಮಗ್ಗ: ಆ ಕೆಸರಲ್ಲೇ ಸರ್ ಎಲ್ಲ ಇರುವುದು. ನೀರಿನ ತಳದಲ್ಲಿ ಸಿರಿಂಜು, ನಾಣ್ಯ, ಕ್ಯಾಲೆಂಡರ್ ಹಾಳೆ, ಅವುಗಳ ಮೇಲೆ ಕ್ಯಾಮೆರಾ ತೇಲಿಕೊಂಡು ಹೋಗುತ್ತದಲ್ಲ, ಅಲ್ಲಿ ಉಸಿರು ಬಿಗಿಹಿಡಿಯದಿದ್ದರೆ ನಿಮ್ಮ 46,000 ದಂಡ. ನಿಮ್ಮ ‘ಸೊಲಾರಿಸ್’ನಲ್ಲಿ ಟೋಕಿಯೋ ರಸ್ತೆ ಮೇಲೆ ಕಾರು ಓಡುತ್ತದೆ, ಓಡುತ್ತದೆ, ಓಡುತ್ತಲೇ ಇರುತ್ತದೆ. ಮೂಲ ಕಾದಂಬರಿ ಬರೆದ ಲೆಮ್‌ಗೇ ಆ ಚಿತ್ರ ಹಿಡಿಸಿರಲಿಲ್ಲ.

ಉಣಕಲ್ ದಂಡಿ: ನನ್ನ ದುಡ್ಡಿನ ಸುದ್ದಿ ನಿಮಗೆ ಬೇಡ. ಏಳು ಜನರನ್ನು ಕೂಡಿಸಿದವರು ಪಾಠ ಹೇಳುತ್ತಾರೆ.

ಬೆಟಗೇರಿ ಮಗ್ಗ: ಏಳಲ್ಲ, ವಾಚ್‌ಮನ್ ಬಿಟ್ಟು ಆರು. ನಾನು ಮುಚ್ಚಿಟ್ಟಿಲ್ಲ.

ಹಾವೇರಿ ಏಲಕ್ಕಿ: ನಾನು ಎದ್ದು ಹೋದ ಜಾತಿಯವಳು. ಹಾವೇರಿಯಿಂದ ಧಾರವಾಡಕ್ಕೆ ಬಂದು ಒಬ್ಬರ ಮನೆಯಲ್ಲಿ ನೋಡಿದೆ. ಅರ್ಧಕ್ಕೇ ಬಸ್ಸಿನ ನೆಪ ಹೇಳಿ ಹೊರಟೆ. ಬಸ್ಸೂ ತಪ್ಪಿತು, ಚಿತ್ರವೂ ತಪ್ಪಿತು. ಸ್ಟ್ಯಾಂಡಿನಲ್ಲಿ ಎರಡು ತಾಸು ಸೊಳ್ಳೆ ಹೊಡೆಯುತ್ತ ಕೂತೆ. ಉಳಿದದ್ದನ್ನು ಆಮೇಲೆ ಮೊಬೈಲಿನಲ್ಲಿ ಮುಗಿಸಿದೆ. ಚಿತ್ರ ತೆಗೆದ ಸ್ಟುಡಿಯೋ ಮೊಸ್‌ಫಿಲ್ಮ್‌ನವರೇ ಯೂಟ್ಯೂಬಿನಲ್ಲಿ ಪುಕ್ಕಟೆ ಹಾಕಿದ್ದಾರೆ, ಇಂಗ್ಲಿಷ್ ಸಬ್‌ಟೈಟಲ್ ಇದೆ. 1.5 ಸ್ಪೀಡಿನಲ್ಲಿ ಇಟ್ಟರೆ ಚೆನ್ನಾಗಿಯೇ ಇದೆ. ಆದರೂ ಆ ಮೂವರು ಅಷ್ಟು ದೂರ ಬಂದು, ಆಸೆ ಈಡೇರಿಸುವ ಆ ಕೋಣೆಯೊಳಗೆ ಒಬ್ಬನೂ ಕಾಲಿಡುವುದಿಲ್ಲವಲ್ಲ, ಸಿಟ್ಟು ಬರುತ್ತದೆ.

ಬೆಟಗೇರಿ ಮಗ್ಗ: 1.5 ಸ್ಪೀಡಾ?

ಉಣಕಲ್ ದಂಡಿ: ಅಕ್ಕಾವ್ರೇ, ಇದೊಂದು ವಿಷಯದಲ್ಲಿ ನಾನು ಗದಗಿನವರ ಕಡೆ.

ಮಾಳಮಡ್ಡಿ ಹುಡುಗ: ಅಕ್ಕಾ, ಬರುವ ಗೆಳೆಯರಲ್ಲಿ ಇಬ್ಬರು ಇದನ್ನು ಓದುತ್ತಿದ್ದಾರೆ, ಕಥೆ ಹೇಳಿಬಿಟ್ಟಿರಿ! ಬ್ರೇಕಿನ ಬಗ್ಗೆ ಯಾರೂ ಹೇಳಲಿಲ್ಲ.

ಸಾಧನಕೇರಿ ಕಾಕಾ: ಬ್ರೇಕಿಗೆ ಗಿರ್ಮಿಟ್ ಕೊಡಬೇಡಪ್ಪ. ನಾನು ಕೊಟ್ಟಿದ್ದೆ. ಎರಡನೇ ಭಾಗದಲ್ಲಿ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಬೇರೇನೂ ಇಲ್ಲದ ಕಡೆ ಹದಿನಾಲ್ಕು ಬಾಯಿ ಕರಂ ಕುರುಂ.

ಹಾವೇರಿ ಏಲಕ್ಕಿ: ಗಿರ್ಮಿಟ್ ಕಲಸಿದ ಮೇಲೆ ಚುರಮುರಿ ಮೆತ್ತಗಾಗುತ್ತದೆ ಕಾಕಾ. ಸದ್ದು ಮಾಡಿದ್ದು ಮೇಲಿನ ಸೇವು.

ಸಾಧನಕೇರಿ ಕಾಕಾ: ಐವತ್ತು ವರ್ಷದಿಂದ ತಿನ್ನುತ್ತಿದ್ದೇನೆ, ನೀನು ನನಗೆ ಹೇಳಬೇಡ. ಅದನ್ನೂ 1.5 ಸ್ಪೀಡಿನಲ್ಲಿ ತಿನ್ನುತ್ತೀಯೇನವ್ವ?

ಮಾಳಮಡ್ಡಿ ಹುಡುಗ: ನಮ್ಮ ಎದುರಿಗೇ ಬೀದಿದೀಪ ಇದೆ. ಬೆಟಗೇರಿ ಅಣ್ಣಾ, ಆ 23 ಮೀಟರ್ ಬಟ್ಟೆ ಇನ್ನೂ ಇದೆಯಾ?

ಬೆಟಗೇರಿ ಮಗ್ಗ: ಇದೆ. ಅದರ ಮೇಲೆ ಅವ್ವ ಹಪ್ಪಳ ಒಣಗಿಸುತ್ತಿದ್ದಾಳೆ. ಮಳೆಗಾಲ ಬರುವತನಕ ಕೇಳಬೇಡ.