ಬರ್ಲಿನ್‌ಗೆ ಬಂದ ಮೇಲೆ ಬೆಳಗ್ಗೆ ಏಳಲು ಮನಸ್ಸೇ ಬರುತ್ತಿಲ್ಲ, ಮೇಡಂ

ಪ್ರಶ್ನೆ: ನಮಸ್ತೆ ಮೇಡಂ. ನನ್ನೂರು ಹಾಸನದ ಹತ್ತಿರ. ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಬರ್ಲಿನ್‌ಗೆ ಬಂದೆ. ಮೊದಲ ತಿಂಗಳು ಚೆನ್ನಾಗಿತ್ತು. ಈಗ ಡಿಸೆಂಬರ್. ಅಲಾರಂ ಹೊಡೆದರೂ ಏಳಲು ಆಗುವುದಿಲ್ಲ, ಎದ್ದರೂ ಹೊರಗೆ ಕತ್ತಲೆ. ಎರಡು ವಾರದಿಂದ ಕ್ಲಾಸಿಗೆ ಸರಿಯಾಗಿ ಹೋಗಿಲ್ಲ. ಅನ್ನ ಮಾಡಿಕೊಳ್ಳಲೂ ಬೇಜಾರು, ಬ್ರೆಡ್ ತಿಂದು ಮಲಗುತ್ತೇನೆ. ಅಮ್ಮ ಕೊಟ್ಟು ಕಳಿಸಿದ ಚಟ್ನಿಪುಡಿ ಡಬ್ಬಿ ಇನ್ನೂ ತೆರೆದೇ ಇಲ್ಲ. ಫೋನ್ ಬಂದಾಗ ಮಾತ್ರ "ಊಟ ಆಯ್ತು, ಚೆನ್ನಾಗಿದ್ದೀನಿ" ಅನ್ನುತ್ತೇನೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಇದು ಬರೀ ಮನೆ ನೆನಪಾ, ಇಲ್ಲಾ ನನಗೆ ಏನಾದರೂ ಆಗಿದೆಯಾ?

ಉತ್ತರ (ಮನೋವೈದ್ಯೆ): ಬರೆದಿದ್ದು ಬಹಳ ಒಳ್ಳೆಯದಾಯಿತು. ಮೊದಲು ಒಂದು ಮಾತು ನೇರವಾಗಿ ಕೇಳುತ್ತೇನೆ, ನೇರವಾಗಿಯೇ ಹೇಳಿ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ನನ್ನ ಉತ್ತರ ಪೂರ್ತಿ ಓದುತ್ತಾ ಕೂರಬೇಡಿ. ಪಕ್ಕದ ರೂಮಿನವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಜರ್ಮನ್ ಬರುತ್ತಿದ್ದರೆ ಮನಸ್ಸಿನ ಕಷ್ಟ ಕೇಳುವ ಸಹಾಯವಾಣಿ 0800 1110111ಕ್ಕೂ ಮಾಡಬಹುದು, ಅದು ಉಚಿತ, ರಾತ್ರಿ ಹಗಲು ಎತ್ತುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನಗೆ ಯೋಚನೆ ಹತ್ತಿಸಿದ್ದು ಆ ಚಟ್ನಿಪುಡಿ ಡಬ್ಬಿ. ಬರೀ ಮನೆ ನೆನಪಾಗಿದ್ದರೆ ಅದನ್ನು ಬಂದ ವಾರವೇ ತೆರೆದು ಖಾಲಿ ಮಾಡಿರುತ್ತಿದ್ದಿರಿ. ಮನೆ ನೆನಪು ಬರುತ್ತದೆ, ಹೋಗುತ್ತದೆ. ಸಂಜೆ ಅಳು ಬಂದರೂ ಗೆಳೆಯರ ಜೊತೆ ಕೂತಾಗ ನಗುವೂ ಬರುತ್ತದೆ. ಆದರೆ ಬೇಸರ ದಿನವಿಡೀ ಇದ್ದು, ಇಷ್ಟವಾದದ್ದೂ ಬೇಡವಾಗಿ, ನಿದ್ದೆ ಊಟ ಎರಡೂ ಕೆಟ್ಟು, ಹೀಗೇ ಎರಡು ವಾರ ದಾಟಿದರೆ ನಾವು ಅದನ್ನು ಖಿನ್ನತೆ ಇರಬಹುದು ಅಂತ ನೋಡುತ್ತೇವೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸದೆ ಹೌದು ಅನ್ನಲಾರೆ. ಆದರೆ ತೋರಿಸಿಕೊಳ್ಳುವ ಹೊತ್ತು ಬಂದಿದೆ.

ಅಲ್ಲಿನ ಬೆಳಕಿನ ಪಾತ್ರವೂ ಇರಬಹುದು. ಡಿಸೆಂಬರ್ ಕೊನೆಗೆ ಬರ್ಲಿನ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 8:15ಕ್ಕೆ, ಮುಳುಗುವುದು ಸಂಜೆ 4 ಗಂಟೆಗೂ ಮುಂಚೆ. ಹಗಲು 8 ಗಂಟೆ ಕೂಡ ಇಲ್ಲ. ಹಾಸನದಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗೆ ಕಮ್ಮಿ ಇರುವುದಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಮೆದುಳಿಗೆ ಹಗಲಾಯಿತು ಅಂತ ಗೊತ್ತಾಗುವುದು. ಅದು ಸಿಗದಿದ್ದರೆ ಒಳಗಿನ ಗಡಿಯಾರ ಹಿಂದೆ ಬೀಳುತ್ತದೆ. ಚಳಿಗಾಲದಲ್ಲಿ ಬರುವ ಇಂಥ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು 1984ರಲ್ಲೇ ವಿವರಿಸಿದ್ದಾರೆ. ಹಾಗಾಗಿ ಸೋಮಾರಿ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ನಾಳೆಯಿಂದ ಮಧ್ಯಾಹ್ನ 12ರ ಸುಮಾರಿಗೆ ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಇದ್ದರೂ ಪರವಾಗಿಲ್ಲ, ರೂಮಿನ ದೀಪಕ್ಕಿಂತ ಹೊರಗಿನ ಬೆಳಕು ಎಷ್ಟೋ ಜಾಸ್ತಿ. ಹಾಗೇ ಮೆನ್ಸಾಗೆ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನಿಗೆ ಹೋಗಿ ಬಿಸಿಬಿಸಿ ಏನಾದರೂ ತಿನ್ನಿ, ಒಬ್ಬರೇ ಆದರೂ ಸರಿ. ಬೆಳಗ್ಗೆ ಅರ್ಧ ಗಂಟೆ ಎದುರಿಗೆ ಇಟ್ಟುಕೊಳ್ಳುವ 10,000 ಲಕ್ಸ್ ದೀಪವೂ ಸಿಗುತ್ತದೆ. ಕಣ್ಣಿನ ತೊಂದರೆ ಇದ್ದರೆ, ಅಥವಾ ಹಿಂದೆ ಯಾವಾಗಲಾದರೂ ಮನಸ್ಸು ಅತಿಯಾಗಿ ಉಬ್ಬಿ ನಿದ್ದೆಯೇ ಬೇಡವಾಗಿದ್ದ ದಿನಗಳಿದ್ದರೆ, ಡಾಕ್ಟರನ್ನು ಕೇಳದೆ ಆ ದೀಪ ಬಳಸಬೇಡಿ.

ಭಾನುವಾರಕ್ಕೆ ಮೊದಲೇ ಒಂದು ಕೆಲಸ ಗೊತ್ತುಮಾಡಿಕೊಳ್ಳಿ. ಅಲ್ಲಿ ಅಂದು ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಬೀದಿ ಬಿಕೋ ಅನ್ನುತ್ತದೆ. ಒಂಟಿಯಾಗಿ ಇರುವವರಿಗೆ ಆ ದಿನ ತುಂಬಾ ಉದ್ದ.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸ್ಟುಡಿಯರೆಂಡನ್‌ವೆರ್ಕ್ ಅನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನಶ್ಶಾಸ್ತ್ರಜ್ಞರ ಸಲಹೆ ಉಚಿತ, ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಇವತ್ತೇ ಮೇಲ್ ಮಾಡಿ. ತಡವಾಗುವ ಹಾಗಿದ್ದರೆ ನಿಮ್ಮ ಹೌಸಾರ್ಟ್ (ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ, ಇಲ್ಲವೇ ವೈದ್ಯರ ಭೇಟಿ ಗೊತ್ತುಮಾಡಿಕೊಡುವ 116117 ಸಂಖ್ಯೆಯಲ್ಲಿ ಥೆರಪಿಸ್ಟ್ ಭೇಟಿಗೆ ದಿನ ಕೇಳಿ. ಸರ್ಕಾರಿ ಆರೋಗ್ಯ ವಿಮೆ ಈ ಚಿಕಿತ್ಸೆಯ ಖರ್ಚು ಕೊಡುತ್ತದೆ.

ಇನ್ನೊಬ್ಬ ಸದಸ್ಯರು: ನಾನು ಮೂರು ಚಳಿಗಾಲ ಇಲ್ಲೇ ಕಳೆದಿದ್ದೇನೆ. ವಿಟಮಿನ್ ಡಿ ತಗೊಂಡರೆ ಸಾಕು, ಎಲ್ಲಾ ಸರಿಹೋಗುತ್ತೆ.

ಉತ್ತರ: ಕೊರತೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ ತಗೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಎರಡು ವಾರ ಕ್ಲಾಸ್ ಬಿಟ್ಟವರಿಗೆ ಮಾತ್ರೆ ತಗೊಂಡು ಸುಮ್ನೆ ಕಾಯಿರಿ ಅಂತ ಹೇಳಬಾರದು.

ಪ್ರಶ್ನೆ ಕೇಳಿದವರು: ಇಲ್ಲ ಮೇಡಂ, ಬದುಕು ಬೇಡ ಅನ್ನುವಂಥ ಯೋಚನೆ ಬಂದಿಲ್ಲ. ಆದರೆ ಕೌನ್ಸೆಲಿಂಗ್‌ಗೆ ಹೋದರೆ ವೀಸಾ ಆಫೀಸಿಗೆ, ಕಾಲೇಜಿಗೆ ಗೊತ್ತಾಗುತ್ತಾ?

ಉತ್ತರ: ಅಂಥ ಯೋಚನೆ ಇಲ್ಲ ಅಂದಿದ್ದಕ್ಕೆ ನೆಮ್ಮದಿಯಾಯಿತು. ಕೌನ್ಸೆಲಿಂಗ್‌ನವರು ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ. ವೈದ್ಯರು, ಮನಶ್ಶಾಸ್ತ್ರಜ್ಞರು ಗುಟ್ಟು ಬಿಟ್ಟುಕೊಟ್ಟರೆ ಜರ್ಮನಿಯಲ್ಲಿ ಅದು ಅಪರಾಧ, ದಂಡಸಂಹಿತೆಯ 203ನೇ ಕಲಮಿನಲ್ಲಿದೆ. ಪ್ರಾಣಕ್ಕೇ ಅಪಾಯ ಇರುವಂಥ ಸಂದರ್ಭದ ಮಾತು ಬೇರೆ. ಈ ಭಯದಿಂದ ಹೋಗದೆ ಉಳಿಯಬೇಡಿ.

ಇನ್ನೊಬ್ಬ ಸದಸ್ಯೆ: ನನ್ನ ಮಗನೂ ಮ್ಯೂನಿಕ್‌ನಲ್ಲಿ ಓದುತ್ತಿದ್ದಾನೆ. ಕೇಳಿದಾಗೆಲ್ಲ ಚೆನ್ನಾಗಿದ್ದೀನಿ ಅಂತಾನೆ. ಇದನ್ನು ಓದಿ ಹೆದರಿಕೆ ಆಯ್ತು. ಹೇಗೆ ತಿಳಿಯೋದು?

ಉತ್ತರ: "ಊಟ ಆಯ್ತಾ" ಅಂದರೆ "ಆಯ್ತು" ಅನ್ನುವುದು ನಮಗೆಲ್ಲ ಬಾಯಿಪಾಠ ಅಲ್ವಾ? ಅದರ ಬದಲು "ಇವತ್ತು ಏನು ಮಾಡ್ಕೊಂಡೆ, ಯಾರ ಜೊತೆ ತಿಂದೆ" ಅಂತ ಕೇಳಿ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನಿಮಗೆ ರಾತ್ರಿ 9 ಆದಾಗ ಅವನಿಗೆ ಸಂಜೆ ನಾಲ್ಕೂವರೆ. ಆಗ ವಿಡಿಯೋ ಕರೆ ಮಾಡಿ, ಮುಖ ನೋಡಿ. ಬೇಜಾರು ಅಂದರೆ ತಕ್ಷಣ ಬುದ್ಧಿ ಹೇಳಬೇಡಿ, ಸಾಲದ ಮಾತಂತೂ ಎತ್ತಲೇಬೇಡಿ. ನಿಮಗೇ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ ಕೇಳಿದವರು: ಮೇಲ್ ಮಾಡಿದೆ ಮೇಡಂ. ಗುರುವಾರ 11 ಗಂಟೆಗೆ ಬನ್ನಿ ಅಂದಿದ್ದಾರೆ. ಅಮ್ಮನಿಗೆ ಏನು ಹೇಳಲಿ?

ಉತ್ತರ: "ಸ್ವಲ್ಪ ದಿನದಿಂದ ಮನಸ್ಸು ಸರಿ ಇಲ್ಲಮ್ಮ, ಗುರುವಾರ ತೋರಿಸಿಕೊಳ್ತಿದ್ದೀನಿ" ಅನ್ನಿ. ಅಷ್ಟು ಸಾಕು. ಗುರುವಾರದವರೆಗೆ ಮಧ್ಯಾಹ್ನದ ನಡಿಗೆ ತಪ್ಪಿಸಬೇಡಿ. ಹೋಗಿ ಬಂದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ನೋಡುತ್ತಿರುತ್ತೇನೆ.