ಅಪ್‌ಡೇಟ್: ನಮ್ಮ ಬಡಾವಣೆ ಪಕ್ಕದ ಇಸ್ಪೀಟ್ ಕ್ಲಬ್

ತುಮಕೂರಿನ ಕ್ಯಾತ್ಸಂದ್ರ ಕಡೆ ನಮ್ಮ ಬಡಾವಣೆ ಪಕ್ಕದಲ್ಲೇ ಇಸ್ಪೀಟ್ ಆಡಿಸುವ ರಿಕ್ರಿಯೇಷನ್ ಕ್ಲಬ್ ಬರುತ್ತಿದೆ, ನಿವಾಸಿಗಳ ಸಂಘ ಏನು ಮಾಡಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜೂಜು ಅಂತ ಪೊಲೀಸರಿಗೆ ದೂರು ಕೊಡಿ ಅಂತ ತುಂಬಾ ಜನ ಹೇಳಿದ್ದಿರಿ. ಅದು ಅಷ್ಟು ಸುಲಭ ಇಲ್ಲ. ರಮ್ಮಿ ಬಹುಪಾಲು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ, ಆದರೆ ಕ್ಲಬ್‌ನವರು ಪಣದ ದುಡ್ಡಿನಿಂದ ಲಾಭ ಮಾಡಿಕೊಂಡರೆ ಅಪರಾಧ ಆಗಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಅಂದರ್ ಬಾಹರ್‌ನಂಥ ಬರೀ ಅದೃಷ್ಟದ ಆಟ ಆಡಿಸಿದರೆ ಬಿಡಿ, ಜೂಜು ಅಂತ ಹಿಡಿಯೋಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಆದರೆ ಕ್ಲಬ್ ಇನ್ನೂ ಶುರುವೇ ಆಗಿಲ್ಲ, ಈಗ ಏನನ್ನು ಸಾಬೀತು ಮಾಡೋದು?

ಅದಕ್ಕೇ ವಕೀಲರು ಜಾಗದ ಕಡೆ ನೋಡಿ ಅಂದರು. ಆ ಸೈಟು ವಾಸದ ವಲಯದಲ್ಲಿದೆ. ಅದನ್ನು ಬೇರೆ ಉದ್ದೇಶಕ್ಕೆ ಬಳಸೋಕೆ ಅನುಮತಿ (ಭೂಬಳಕೆ ಬದಲಾವಣೆ) ಸಿಕ್ಕಿದೆಯಾ ಅಂತ ಆರ್‌ಟಿಐ ಹಾಕಿದ್ದೇವೆ, ಲೈಸೆನ್ಸ್ ಕೊಡಬೇಡಿ ಅಂತ ಮಹಾನಗರ ಪಾಲಿಕೆಗೆ ಎಲ್ಲ ಮನೆಯವರ ಸಹಿ ಇರುವ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಂಡಿದ್ದೇವೆ. ಸ್ವೀಕೃತಿ ಇಲ್ಲದೆ ಮಾತ್ರ ಯಾರೂ ಅರ್ಜಿ ಕೊಟ್ಟು ಬರಬೇಡಿ.

ಸಾಲ ಮಾಡಿ ಮನೆ ಕಟ್ಟಿದವರು ನಾವು, ಸಂಜೆ ಮಕ್ಕಳು ಆ ರಸ್ತೆಯಲ್ಲೇ ಟ್ಯೂಷನ್‌ಗೆ ಹೋಗುತ್ತಾರೆ. ಸುಮ್ನೆ ಇರೋಕಾಗಲ್ಲ ಅಲ್ವಾ. ಆರ್‌ಟಿಐ ಉತ್ತರ ಬಂದ ಮೇಲೆ ಮತ್ತೆ ಬರೆಯುತ್ತೇನೆ.