ಐಷಾರಾಮಿ ಕ್ರೂಸ್‌ನ ಊಟ, ಸೇವೆ, ದಡದ ಸುತ್ತಾಟ: ಹೋಗಿಬಂದವರು ಅನುಭವ ಹೇಳಿ

ಕ್ಯಾತ್ಸಂದ್ರದ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬುತ್ತೆ, ನಾಲ್ಕು ಜನ ಕ್ರೂಸ್ ಹೋಗೋಣ ಅಂತಿದ್ದೀವಿ. ಅಥೆನ್ಸ್‌ನಿಂದ ಹೊರಡೋ ಏಳು ರಾತ್ರಿಯ ಐಷಾರಾಮಿ ಹಡಗೋ, ಸಿಂಗಪುರದಿಂದ ಹೊರಡೋ ಹಡಗೋ ಇನ್ನೂ ತೀರ್ಮಾನ ಆಗಿಲ್ಲ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಊಟ ಸಿಗುತ್ತಾ? ಟಿಪ್ಸ್ ಎಷ್ಟು? ದಡಕ್ಕೆ ಇಳಿದಾಗ ಹಡಗಿನವರ ಟೂರೇ ಬೇಕಾ?

ಚಿಂತಾಮಣಿ ರೇಷ್ಮೆಗೂಡು
ಮೇಡಂ, ಟಿಕೆಟಲ್ಲೇ ಎಲ್ಲಾ ಸೇರಿರೋ ಹಡಗನ್ನೇ ತಗೊಳ್ಳಿ. ನಾವು ಅದನ್ನೇ ಆರಿಸಿದ್ದು. ದುಡ್ಡು ಸುಟ್ಟರು ಅಂತ ನೆಂಟರು ಇವತ್ತಿಗೂ ಆಡ್ಕೋತಾರೆ, ಅದಕ್ಕೇ ಲೆಕ್ಕ ಬಿಡಿಸಿ ಬರೀತಿದ್ದೀನಿ.

ದೊಡ್ಡ ಹಡಗಿನ ಅಗ್ಗದ ಟಿಕೆಟ್ ಮೇಲೆ ಇಬ್ಬರಿಗೆ ಏಳು ರಾತ್ರಿಗೆ ಏನೇನು ಬೀಳುತ್ತೆ ನೋಡಿ. ಟಿಪ್ಸ್ ತಲೆಗೆ ದಿನಕ್ಕೆ 18 ಡಾಲರ್ ಅಂದ್ರೆ 252. ವೈಫೈ ಒಂದು ಫೋನಿಗೆ ದಿನಕ್ಕೆ 20 ಹಿಡಿದರೆ ಎರಡಕ್ಕೆ 280. ಬೇರೆ ದುಡ್ಡು ಕೊಡಬೇಕಾದ ಸ್ಪೆಷಾಲಿಟಿ ರೆಸ್ಟೋರೆಂಟಲ್ಲಿ ಎರಡು ರಾತ್ರಿ, ತಲೆಗೆ 50ರಂತೆ 200. ನಾಲ್ಕು ಬಂದರಲ್ಲಿ ಟೂರ್, ತಲೆಗೆ 100ರಂತೆ 800. ಅಲ್ಲಿಗೇ 1,532 ಡಾಲರ್ ಆಯ್ತು. ಬಾಟಲಿ ನೀರು, ಒಳ್ಳೆ ಕಾಫಿ, ಜ್ಯೂಸು ಇದರೊಳಗಿಲ್ಲ, ಅವುಗಳ ಪ್ರತಿ ಬಿಲ್ ಮೇಲೂ 18ರಿಂದ 20 ಪರ್ಸೆಂಟ್ ಸರ್ವಿಸ್ ಚಾರ್ಜ್.

‘ಎಲ್ಲಾ ಸೇರಿದೆ’ ಅನ್ನೋದೂ ಹಡಗಿಂದ ಹಡಗಿಗೆ ಬೇರೆ. ಕ್ರೂಸ್ ಕಂಪನಿಗಳನ್ನೇ ನೋಡಿ: ರೀಜೆಂಟ್ ಸೆವೆನ್ ಸೀಸ್‌ನಲ್ಲಿ ದಡದ ಟೂರೂ ಸೇರಿರುತ್ತೆ. ಸಿಲ್ವರ್‌ಸೀಯಲ್ಲಿ ಪ್ರತಿ ಸೂಟ್‌ಗೂ ಬಟ್ಲರ್, ಅಂದ್ರೆ ನಿಮ್ಮ ರೂಮಿನ ಬೇಕುಬೇಡ ನೋಡ್ಕೊಳ್ಳೋ ಸೇವಕ. ವೈಕಿಂಗ್‌ನಲ್ಲಿ ಪ್ರತಿ ಬಂದರಲ್ಲಿ ಒಂದು ಟೂರ್ ಉಚಿತ, ಆದರೆ 18 ತುಂಬದವರನ್ನ ಹತ್ತಿಸಲ್ಲ. ಎಕ್ಸ್‌ಪ್ಲೋರಾದಲ್ಲಿ ಟಿಪ್ಸು, ಪಾನೀಯ ಸೇರಿದೆ, ಟೂರ್ ಸೇರಿಲ್ಲ. ಈ ಸಾಲು ನೋಡದೆ ಬೆಲೆ ಹೋಲಿಸಿದರೆ ಲೆಕ್ಕವೇ ತಪ್ಪುತ್ತೆ.

ಬಟ್ಲರ್ ಇದ್ದರೆ ಸುಮ್ಮನೆ ಸಂಕೋಚ ಪಡಬೇಡಿ. ಹತ್ತಿದ ದಿನವೇ ಮೂರು ಕೆಲಸ ಹೇಳಿ: ಸೀರೆ ಇಸ್ತ್ರಿಗೆ ಕೊಡೋದು, ಬೆಳಗಿನ ತಿಂಡಿ ರೂಮಿಗೇ ಬರೋ ಹೊತ್ತು, ರಾತ್ರಿ ಊಟದ ಟೇಬಲ್ ಬುಕಿಂಗ್. ಸ್ಪೆಷಾಲಿಟಿ ರೆಸ್ಟೋರೆಂಟಲ್ಲಿ ಕುರ್ಚಿ ಕಮ್ಮಿ, 7ರಿಂದ 8 ಗಂಟೆಯ ಜಾಗ ಹಡಗು ಬಿಡೋ ಮುಂಚೆಯೇ ಆನ್‌ಲೈನಲ್ಲಿ ಮುಗಿದುಹೋಗಿರುತ್ತೆ. ಬುಕಿಂಗ್ ತೆರೆಯೋ ದಿನ ಯಾವುದು ಅಂತ ಏಜೆಂಟ್ ಹತ್ತಿರ ಬರೆಸ್ಕೊಳ್ಳಿ.

ಬಂಗಾರಪೇಟೆ ಜಂಕ್ಷನ್
ಟೇಬಲ್ ಬುಕ್ ಮಾಡಿ ತಿನ್ನೋದೇನಣ್ಣ? ಅವರು ಮೊಟ್ಟೆನೂ ಇಲ್ಲ ಅಂದಿದ್ದಾರೆ. ಯುರೋಪಿನ ಅಡುಗೆಮನೆಯಲ್ಲಿ ‘ವೆಜ್’ ಅನ್ನೋದರೊಳಗೆ ಮೊಟ್ಟೆ, ಚೀಸ್ ಎಲ್ಲಾ ಬರುತ್ತೆ. ಮಾಂಸ, ಮೀನು, ಮೊಟ್ಟೆ ಎಲ್ಲೆಲ್ಲಿ ಅಡಗಿರುತ್ತೆ ಕೇಳಿ. ತರಕಾರಿ ಸೂಪು, ರಿಸೊಟ್ಟೊ ಅನ್ನೋ ಇಟಲಿ ಅನ್ನ, ಇವನ್ನ ಕೋಳಿ ಸ್ಟಾಕಲ್ಲಿ, ಅಂದ್ರೆ ಕೋಳಿ ಕುದಿಸಿದ ನೀರಲ್ಲಿ ಬೇಯಿಸಿರ್ತಾರೆ. ಸೀಸರ್ ಸಲಾಡ್ ಡ್ರೆಸ್ಸಿಂಗಲ್ಲೂ ವೂಸ್ಟರ್ ಸಾಸಲ್ಲೂ ಆಂಚೊವಿ ಮೀನು. ಥಾಯ್ ಕರಿಯಲ್ಲಿ ಫಿಶ್ ಸಾಸ್. ಪಾರ್ಮೆಸಾನ್ ಚೀಸ್ ಹಾಲು ಹೆಪ್ಪುಗಟ್ಟಿಸೋಕೆ ಬಳಸೋ, ಕರುವಿನ ಹೊಟ್ಟೆಯ ರೆನೆಟ್‌ನಿಂದ ಆಗೋದು. ಪನ್ನಾ ಕೋಟಾ, ಮೂಸ್‌ನಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ತಾಜಾ ಪಾಸ್ತಾ ಹಿಟ್ಟಿಗೆ ಮೊಟ್ಟೆ, ಬನ್ನಿನ ಮೇಲಿನ ಹೊಳಪಿಗೂ ಮೊಟ್ಟೆ, ಮೇಯೊನೇಸಲ್ಲಂತೂ ಇದ್ದೇ ಇರುತ್ತೆ.

ಹಿಂಗೆ ಮಾಡಿ. ಬುಕಿಂಗ್ ಮಾಡುವಾಗಲೇ ‘ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ, ಮೀನು ಇಲ್ಲ, ಮಾಂಸದ ಸ್ಟಾಕ್ ಇಲ್ಲ’ ಅಂತ ಒಂದೊಂದೂ ಬಿಡಿಸಿ ಬರೆಸಿ. ಹೊರಡೋ ಎರಡು ತಿಂಗಳ ಮುಂಚೆ ಮತ್ತೆ ಮೇಲ್ ಮಾಡಿ, ಉತ್ತರದ ಪ್ರಿಂಟ್ ಇಟ್ಕೊಳ್ಳಿ. ಹತ್ತಿದ ದಿನ ಮಧ್ಯಾಹ್ನವೇ ಊಟದ ಹಾಲ್‌ನ ಹೆಡ್ ವೇಟರನ್ನ ಕಂಡು ಆ ಪ್ರಿಂಟ್ ತೋರಿಸಿ. ಆಮೇಲೆ ದಿನಾ ರಾತ್ರಿ ಊಟ ಮುಗಿದ ಮೇಲೆ ನಾಳೆಯ ಮೆನು ಕೇಳಿ, ಅನ್ನ, ದಾಲ್, ಒಂದು ಪಲ್ಯ ಬೇಕು ಅಂತ ಆವಾಗಲೇ ಹೇಳಿಬಿಡಿ. ಹೊತ್ತಿಗೆ ಬಂದು ಕೇಳಿದರೆ ಬೇಯಿಸಿದ ಬ್ರಾಕೊಲಿ ತಂದಿಡ್ತಾರೆ, ಅದು ಅವರ ತಪ್ಪಲ್ಲ. ಬಫೆಯಲ್ಲಿ ಒಂದೇ ಸೌಟು ಎರಡು ಪಾತ್ರೆಗೆ ಓಡಾಡುತ್ತೆ, ಮಡಿ ನೋಡೋರು ಕೂತು ತಿನ್ನೋ ಹಾಲಿಗೇ ಹೋಗಿ.

ಇಷ್ಟೆಲ್ಲಾ ತಾಪತ್ರಯ ಬೇಡ ಅಂದ್ರೆ ಸಿಂಗಪುರದ ಜೆಂಟಿಂಗ್ ಡ್ರೀಮ್ ಥರದ ಹಡಗು. ನಮ್ಮವರು ಜಾಸ್ತಿ ಹತ್ತೋದ್ರಿಂದ ಭಾರತೀಯ ಅಡುಗೆ, ಜೈನ್ ಊಟ ಎಲ್ಲಾ ಇರುತ್ತೆ. ಅದರಲ್ಲೇ ‘ದಿ ಪ್ಯಾಲೇಸ್’ ಅಂತ ಬೇರೆ ಭಾಗ ಇದೆ, ಬಟ್ಲರೂ ಇದ್ದಾನೆ, ಬೇರೆ ರೆಸ್ಟೋರೆಂಟೂ ಇದೆ. ಯುರೋಪಿಗೆ ಸುರಿಯೋ ದುಡ್ಡಲ್ಲಿ ಅರ್ಧವೂ ಆಗಲ್ಲ.

ಮನೆಯಿಂದ ಕೆಟಲ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟು ಇಳಿಯೋ ದಿನ ಕೊಡ್ತಾರೆ. ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ ಸೀಲ್ ಮಾಡಿದ ಪ್ಯಾಕೆಟಲ್ಲಿ ಇರಲಿ, ಬಿಸಿನೀರು ಬಫೆಯಲ್ಲೇ ಸಿಗುತ್ತೆ. ದಡಕ್ಕೆ ಇಳಿಯುವಾಗ ಹಣ್ಣು, ಊಟ ಏನೂ ಬ್ಯಾಗಲ್ಲಿ ಇಟ್ಕೋಬೇಡಿ, ಕೆಲವು ದೇಶದಲ್ಲಿ ಸ್ಥಳದಲ್ಲೇ ದಂಡ.

ಚಿಂತಾಮಣಿ ರೇಷ್ಮೆಗೂಡು
ಬಂಗಾರಪೇಟೆಯವರೇ, ಮೂರು ಸಾವಿರ ಜನರ ಹಡಗನ್ನೂ ಆರುನೂರು ಜನರ ಹಡಗನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಚಿಕ್ಕ ಹಡಗಲ್ಲಿ ಮೊದಲೇ ಹೇಳಿಟ್ಟರೆ ಶೆಫ್ ಟೇಬಲ್ ಹತ್ತಿರ ಬಂದು ಬೇಳೆ ಎಷ್ಟು ಖಾರ ಇರಲಿ ಅಂತ ಕೇಳ್ತಾರೆ. ಲಿಫ್ಟಿಗೆ, ಬಫೆಗೆ, ಇಳಿಯೋಕೆ ಕ್ಯೂ ಇಲ್ಲ. ಬರೀ ಊಟದ ತಟ್ಟೆ ನೋಡ್ಕೊಂಡು ಸಮುದ್ರಕ್ಕೆ ಹೋಗೋದಾದ್ರೆ ಹೋಗೋದೇ ಯಾಕೆ?

ಬಂಗಾರಪೇಟೆ ಜಂಕ್ಷನ್
ತಟ್ಟೆ ಖಾಲಿ ಇದ್ದರೆ ಸಮುದ್ರ ನೋಡಿ ಹೊಟ್ಟೆ ತುಂಬುತ್ತಾ? ಅರವತ್ತು ದಾಟಿದವರು ಮೂರು ದಿನ ಬ್ರೆಡ್ಡಲ್ಲಿ ಕಳೆದರೆ ಶುಗರ್, ಬಿಪಿ ಎಲ್ಲಾ ಏರುಪೇರಾಗುತ್ತೆ. ದೊಡ್ಡ ಮಾತು ಬೇಡ ಅಣ್ಣ.

ಶಿರಾ ಲೆಕ್ಕಿಗ
ನೀವಿಬ್ಬರೂ ವೀಸಾ ಮಾತೇ ಎತ್ತಲಿಲ್ಲ. ದುಡ್ಡು ಮುಳುಗೋದು ಅಲ್ಲೇ.

ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ವಾಪಸ್ ಬಂದರೆ ಅದು ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಇದ್ದರೆ ಚೆಕ್-ಇನ್ ಕೌಂಟರಲ್ಲೇ ನಿಲ್ಲಿಸ್ತಾರೆ, ಟಿಕೆಟ್ ದುಡ್ಡು ಬರಲ್ಲ. ವೀಸಾ ಕೈಗೆ ಬಂದ ತಕ್ಷಣ ಎಂಟ್ರಿ ಕಾಲಮ್ ನೀವೇ ಓದಿ, ಏಜೆಂಟನ್ನ ನಂಬಬೇಡಿ. ಒಬ್ಬ ಏಜೆಂಟ್ ನಮಗೆ ಕ್ರೂಸ್ ಪತ್ರವನ್ನೇ ಅರ್ಜಿಗೆ ಹಚ್ಚಿರಲಿಲ್ಲ, ಪೂರ್ತಿ ಮತ್ತೆ ಹಾಕಿಸಿದ್ದಾಯ್ತು. ಎಸ್‌ಜಿ ಅರೈವಲ್ ಕಾರ್ಡನ್ನೂ (ಸಿಂಗಪುರಕ್ಕೆ ಬರೋರು ಆನ್‌ಲೈನಲ್ಲಿ ತುಂಬೋ ಫಾರ್ಮು) ಎರಡು ಸಲ ತುಂಬಬೇಕು: ವಿಮಾನದಲ್ಲಿ ಇಳಿಯುವಾಗ ಒಂದು, ಹಡಗಲ್ಲಿ ವಾಪಸ್ ಬರುವಾಗ ಇನ್ನೊಂದು. ತಲುಪೋ ದಿನ ಸೇರಿ ಮೂರು ದಿನದ ಒಳಗೆ, ಉಚಿತ. ದುಡ್ಡು ಕೇಳೋ ಸೈಟ್ ನಕಲಿ.

ಗ್ರೀಸ್ ಕಡೆ ಹೋದರೆ ಶೆಂಗೆನ್, ಅಂದ್ರೆ ಯುರೋಪಿನ ಹಲವು ದೇಶಕ್ಕೆ ನಡೆಯೋ ಒಂದೇ ವೀಸಾ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಅರ್ಜಿ ಕೇಂದ್ರದ ಚಾರ್ಜ್ ಬೇರೆ, ತಿರಸ್ಕರಿಸಿದರೂ ವಾಪಸ್ ಇಲ್ಲ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು. ಹಡಗು ಟರ್ಕಿಯ ಕುಶಾದಾಸಿಗೆ ಹೋಗುತ್ತೆ ಅಂದ್ರೆ ಶೆಂಗೆನ್ ದಾಟಿ ಮತ್ತೆ ಒಳಗೆ ಬಂದಂಗೆ, ಅಲ್ಲೂ ಮಲ್ಟಿಪಲ್ ಎಂಟ್ರಿನೇ ಬೇಕು. ಇನ್ಶೂರೆನ್ಸಲ್ಲಿ ಹಡಗಿನ ಡಾಕ್ಟರ್ ಬಿಲ್ಲು, ಹೆಲಿಕಾಪ್ಟರಲ್ಲಿ ಸಾಗಿಸೋದು, ಮೊದಲೇ ಇರೋ ಕಾಯಿಲೆ ಮೂರೂ ಇದೆಯಾ ನೋಡಿ.

ಇನ್ನು ಟಿಸಿಎಸ್, ಅಂದ್ರೆ ವಿದೇಶದ ಪ್ಯಾಕೇಜ್ ಮಾರುವಾಗಲೇ ಏಜೆಂಟ್ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟೋ ತೆರಿಗೆ. ಪ್ಯಾಕೇಜ್ ಕೊಳ್ಳುವಾಗ ಏಜೆಂಟ್ ಹೇಳೋ ಬೆಲೆಯಲ್ಲಿ ಅದು ಇರಲ್ಲ, ಕೊನೇ ಕಂತಿನ ದಿನ ಬಂದು ಕೂರುತ್ತೆ. ಬುಕಿಂಗ್ ದಿನದ ದರ ಬರಹದಲ್ಲೇ ತಗೊಳ್ಳಿ.

ಗೌರಿಬಿದನೂರು ಗಡಿ
ಟಿಸಿಎಸ್ ತಪ್ಪಿಸೋಕೆ ಏಜೆಂಟೇ ಬೇಡ. ಕ್ರೂಸ್ ಕಂಪನಿಯ ವಿದೇಶಿ ಸೈಟಲ್ಲಿ ಕ್ರೆಡಿಟ್ ಕಾರ್ಡಿಂದ ನೇರ ಕಟ್ಟಿ. ನಾವು ಹಂಗೇ ಮಾಡೋದು. ಒಂದು ರೂಪಾಯಿ ಟಿಸಿಎಸ್ ಇಲ್ಲ.

ಶಿರಾ ಲೆಕ್ಕಿಗ
ಇದನ್ನ ನೋಡಿ ಇನ್ನೊಬ್ಬರು ಹಳ್ಳಕ್ಕೆ ಬೀಳ್ತಾರೆ. ಟಿಸಿಎಸ್ ಖರ್ಚಲ್ಲ, ನಿಮ್ಮದೇ ಮುಂಗಡ ತೆರಿಗೆ. ರಿಟರ್ನ್ ಹಾಕಿದರೆ ತೆರಿಗೆಗೆ ವಜಾ, ಮಿಕ್ಕಿದ್ದು ವಾಪಸ್. ವಿದೇಶಿ ಹಣದಲ್ಲಿ ಕಟ್ಟಿದ್ದಕ್ಕೆ ಬ್ಯಾಂಕ್ ಹಾಕೋ ಚಾರ್ಜು, ಅಂದ್ರೆ ಕಾರ್ಡಿನ ಫಾರೆಕ್ಸ್ ಮಾರ್ಕಪ್ 3.5 ಪರ್ಸೆಂಟ್ ಇದ್ದರೆ ಹತ್ತು ಲಕ್ಷಕ್ಕೆ 35,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 6,300. ಒಟ್ಟು 41,300 ರೂಪಾಯಿ, ಅದು ಯಾವತ್ತೂ ವಾಪಸ್ ಬರಲ್ಲ.

ಎಚ್ಚರ ಬೇಕಾಗಿರೋದು ಪ್ಯಾನ್ ವಿಷಯದಲ್ಲಿ. ಯಾರ ಪ್ಯಾನ್ ಕೊಡ್ತೀರೋ ಅವರ ಹೆಸರಿಗೇ ಜಮಾ. ರಿಟರ್ನೇ ಹಾಕದ ಅಪ್ಪನ ಪ್ಯಾನ್ ಕೊಟ್ಟರೆ, ಅವರು ರಿಟರ್ನ್ ಹಾಕೋವರೆಗೂ ದುಡ್ಡು ಅಲ್ಲೇ. ಟಿಸಿಎಸ್ ಪ್ರಮಾಣಪತ್ರ ತಗೊಂಡು ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ಬಂದಿದೆಯಾ ಅಂತ ತಾಳೆ ನೋಡಿ.

ಗೌರಿಬಿದನೂರು ಗಡಿ
ಮಾರ್ಕಪ್ ಇಲ್ಲದ ಕಾರ್ಡೂ ಇವೆ ಸ್ವಾಮಿ. ಎಲ್ಲರಿಗೂ ಪಾಠ ಹೇಳೋಕೆ ಬರಬೇಡಿ.

ಕ್ಯಾತ್ಸಂದ್ರದ ಮಗಳು
ತುಂಬಾ ಥ್ಯಾಂಕ್ಸ್. ಅಮ್ಮನ ಮಂಡಿ, ದಡಕ್ಕೆ ಇಳಿಯೋದು, ಇದರ ಬಗ್ಗೆ ಯಾರಾದ್ರೂ ಹೇಳ್ತೀರಾ?

ಕೆಜಿಎಫ್ ಐದುಲೈಟು
ಅಕ್ಕ, ಬುಕ್ ಮಾಡೋ ಮುಂಚೆ ಪ್ರತಿ ಬಂದರಿನ ಎದುರು ‘ಡಾಕ್’ ಅಂತಿದೆಯಾ ‘ಟೆಂಡರ್’ ಅಂತಿದೆಯಾ ನೋಡಿ. ಡಾಕ್ ಅಂದ್ರೆ ಹಡಗು ಕಟ್ಟೆಗೇ ತಾಗಿ ನಿಲ್ಲುತ್ತೆ, ಇಳಿಜಾರು ಹಲಗೆ ಮೇಲೆ ನಡೆದು ಇಳೀಬಹುದು. ಟೆಂಡರ್ ಅಂದ್ರೆ ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕಳಿಸ್ತಾರೆ. ದೋಣಿ ಮೇಲೆ ಕೆಳಗೆ ಆಡ್ತಿರುತ್ತೆ, ಸಿಬ್ಬಂದಿ ತೋಳು ಹಿಡಿದು ‘ಈಗ’ ಅಂದಾಗಲೇ ಹೆಜ್ಜೆ ಇಡಬೇಕು. ಅಲೆ ಜಾಸ್ತಿ ಇದ್ದರೆ ಗಾಲಿಕುರ್ಚಿಯವರನ್ನ ಇಳಿಸಲ್ಲ. ಫುಕೆಟ್‌ನ ಪಟೋಂಗ್ ಹಂಗೇ, ಸ್ಯಾಂಟೊರಿನಿಯೂ ಹಂಗೇ. ಪೆನಾಂಗ್‌ನ ಸ್ವೆಟನ್‌ಹ್ಯಾಮ್ ಪಿಯರ್‌ನಲ್ಲಿ ಡಾಕ್. ಅಲ್ಲಿಂದ ಜಾರ್ಜ್‌ಟೌನ್‌ನ ಲಿಟ್ಲ್ ಇಂಡಿಯಾ ಹತ್ತಿರವೇ, 1833ರ ಮಹಾಮಾರಿಯಮ್ಮನ ಗುಡಿ ಇದೆ, ಇಡ್ಲಿ ದೋಸೆನೂ ಸಿಗುತ್ತೆ.

ಪೋರ್ಟ್ ಕ್ಲಾಂಗ್‌ನಿಂದ ಕ್ವಾಲಾಲಂಪುರಕ್ಕೆ ಗಂಟೆ ಮೇಲೆ ಹಿಡಿಯುತ್ತೆ. ಬಟು ಗುಹೆಗೆ 272 ಮೆಟ್ಟಿಲು, ಅಮ್ಮ ಕೆಳಗೇ 42.7 ಮೀಟರಿನ ಮುರುಗನ್ ವಿಗ್ರಹ ನೋಡಿ ಕೂರಬಹುದು.

ಸ್ಯಾಂಟೊರಿನಿಯಲ್ಲಿ ಮಾತ್ರ ಹಡಗಿನವರ ಟೂರ್ ತಗೊಳ್ಳಿ, ಬೇರೆ ಯೋಚನೆ ಬೇಡ. ಸ್ವಂತವಾಗಿ ಹೋಗೋರನ್ನ ಬೆಟ್ಟದ ಮೇಲಿರೋ ಫೀರಾ ಊರಿನ ಕೆಳಗಿನ ಹಳೇ ಬಂದರಲ್ಲಿ ಬಿಡ್ತಾರೆ, ಅಲ್ಲಿಂದ ಮೇಲಕ್ಕೆ ಕೇಬಲ್ ಕಾರ್, ಇಲ್ಲಾ 588 ಮೆಟ್ಟಿಲು. ನಾಲ್ಕೈದು ಹಡಗು ಬಂದ ದಿನ ಕೇಬಲ್ ಕಾರ್ ಕ್ಯೂ ಗಂಟೆ ದಾಟುತ್ತೆ. ಹಡಗಿನ ಟೂರಿನವರನ್ನ ಅಥಿನಿಯೋಸ್ ಬಂದರಿಗೆ ಒಯ್ತಾರೆ, ಬಸ್ಸು ಅಲ್ಲಿಂದಲೇ ಮೇಲೆ ಹೋಗುತ್ತೆ. ವಾಪಸ್ ಬರೋದು ಸಾಮಾನ್ಯವಾಗಿ ಕೇಬಲ್ ಕಾರಲ್ಲೇ, ಕಡೇ ದೋಣಿಗೆ ಎರಡು ಗಂಟೆ ಮುಂಚೆ ಕ್ಯೂ ಸೇರಿ. ಎಫೆಸಸ್‌ನಲ್ಲಿ (ಕುಶಾದಾಸಿ ಹತ್ತಿರದ ಪುರಾತನ ಊರು) ಸವೆದ ಅಮೃತಶಿಲೆ ದಾರಿ ಜಾರುತ್ತೆ, ರಬ್ಬರ್ ಅಡಿಯ ಬೂಟು, ಊರುಗೋಲು ಬೇಕು. ರೋಡ್ಸ್‌ನಲ್ಲಿ ಹಡಗಿಂದ ಹಳೇ ಕೋಟೆ ಬಾಗಿಲಿಗೆ ನಡೆದೇ ಹೋಗಬಹುದು, ಅಲ್ಲಿ ಟೂರಿಗೆ ದುಡ್ಡು ಕೊಡೋದು ವ್ಯರ್ಥ.

ಸ್ವಂತ ಟ್ಯಾಕ್ಸಿ ಅಗ್ಗ, ಸರಿ. ಆದರೆ ಹಡಗಿನ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತೆ, ನಿಮ್ಮ ಟ್ಯಾಕ್ಸಿಗೆ ಕಾಯಲ್ಲ. ‘ಆಲ್ ಅಬೋರ್ಡ್’ ಅಂತ ಹೇಳೋ ಹೊತ್ತು ಹಡಗಿನ ಗಡಿಯಾರದ್ದು, ಫೋನು ದಡದ ಟವರ್ ಹಿಡಿದು ಬೇರೆ ಹೊತ್ತು ತೋರಿಸಬಹುದು. ಕೈಗೆ ಮಾಮೂಲಿ ವಾಚ್ ಕಟ್ಕೊಳ್ಳಿ, ಬಂದರಲ್ಲಿ ಹಡಗಿನವರ ಪರ ಇರೋ ಏಜೆಂಟ್ ನಂಬರ್ ಬರೆದಿಟ್ಕೊಳ್ಳಿ.

ತಿಪಟೂರು ಕೊಬ್ಬರಿ
ಜುಲೈ, ಆಗಸ್ಟಲ್ಲಿ ಏಜಿಯನ್ ಕಡೆ, ಅಂದ್ರೆ ಗ್ರೀಸ್, ಟರ್ಕಿ ನಡುವಿನ ಸಮುದ್ರಕ್ಕೆ ಹೋಗಲೇಬೇಡಿ. ಮೆಲ್ಟೆಮಿ ಅನ್ನೋ ಬಡಗಣ ಗಾಳಿ ಬೀಸುತ್ತೆ, ಟೆಂಡರ್ ಇಳಿಸೋಕಾಗದೆ ಸ್ಯಾಂಟೊರಿನಿ, ಮೈಕೊನೋಸ್ ಬಿಟ್ಟು ಮುಂದೆ ಹೋಗಿಬಿಡ್ತಾರೆ. ಒಪ್ಪಂದದಲ್ಲಿ ಅವರಿಗೆ ಆ ಹಕ್ಕಿದೆ, ವಾಪಸ್ ಬರೋದು ಬಂದರು ತೆರಿಗೆ ಮಾತ್ರ. ಮೇ, ಇಲ್ಲಾ ಸೆಪ್ಟೆಂಬರ್ ಕೊನೆ ಒಳ್ಳೇದು. 2025ರ ಜುಲೈಯಿಂದ ಆ ಎರಡು ದ್ವೀಪಕ್ಕೆ ಜೂನ್–ಸೆಪ್ಟೆಂಬರ್ ಹಂಗಾಮಲ್ಲಿ ತಲೆಗೆ 20 ಯೂರೋ ಸುಂಕ ಬೇರೆ ಬಂದಿದೆ.

ರೂಮು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಲ್ಲಿ ತಗೊಳ್ಳಿ, ಅಲ್ಲಿ ಓಲಾಟ ಕಮ್ಮಿ. ಮೂತಿ ಕಡೆ ಬಾಲ್ಕನಿಗೆ ಜಾಸ್ತಿ ಕೊಟ್ಟು ವಾಂತಿ ಮಾಡ್ಕೊಂಡು ಮಲಗೋದು ಬೇಡ. ಈಜುಕೊಳದ ಅಂತಸ್ತಿನ ನೇರ ಕೆಳಗಿನ ರೂಮೂ ಬೇಡ, ಬೆಳಗ್ಗೆ ಐದಕ್ಕೇ ಕುರ್ಚಿ ಎಳೆಯೋ ಸದ್ದು. ವಾಂತಿ ತಡೆಯೋ ಅವೋಮಿನ್ ಮಾತ್ರೆ ನುಂಗೋದಿದ್ದರೆ ಹೊಟ್ಟೆ ತೊಳಸೋಕೆ ಶುರುವಾಗೋ ಮುಂಚೆ, ಡಾಕ್ಟರನ್ನ ಕೇಳಿ. ನಿದ್ದೆ ಎಳೆಯುತ್ತೆ. ಊಟಕ್ಕೆ ಮುಂಚೆ ಸೋಪು ನೀರಲ್ಲೇ ಕೈ ತೊಳೀರಿ, ವಾಂತಿ ಭೇದಿ ತರೋ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಕಾಗಲ್ಲ.

ಟಿಪ್ಸ್ ಜಾಸ್ತಿ ಅನ್ನಿಸಿದರೆ ಗೆಸ್ಟ್ ಸರ್ವಿಸಸ್ ಕೌಂಟರಲ್ಲಿ ಹೇಳಿ ತೆಗೆಸಬಹುದು.

ಚಿಂತಾಮಣಿ ರೇಷ್ಮೆಗೂಡು
ಅದನ್ನ ಬರೆಯೋಕೆ ಮನಸ್ಸಾದರೂ ಹೇಗೆ ಬಂತು? ದಿನಾ ಎರಡು ಸಲ ರೂಮು ಒಪ್ಪ ಮಾಡೋ ಹುಡುಗ ತಿಂಗಳುಗಟ್ಟಲೆ ಮನೆ ಮುಖ ನೋಡದೆ ದುಡೀತಾನೆ. ಆ ದುಡ್ಡು ಅವನಿಗೆ, ವೇಟರಿಗೆ, ಅಡುಗೆಮನೆಯಲ್ಲಿ ಕಾಣದೆ ದುಡಿಯೋರಿಗೆ ಹಂಚಿಹೋಗೋದು. ತೆಗೆಸೋರು ಮೊದಲೇ ಟಿಪ್ಸ್ ಸೇರಿರೋ ಹಡಗು ಹತ್ತಲಿ.

ತಿಪಟೂರು ಕೊಬ್ಬರಿ
ತೆಗೆಸಿ ಅಂದೆನಾ? ತೆಗೆಸಬಹುದು ಅಂದೆ. ಕೈಗೇ ಕೊಡೋಣ ಅನ್ನೋರೂ ಇರ್ತಾರೆ. ಸಂಬಳ ಕೊಡಬೇಕಾದ್ದು ಕಂಪನಿ, ನಾವಲ್ಲ.

ಬಂಗಾರಪೇಟೆ ಜಂಕ್ಷನ್
ಈ ಒಂದು ಮಾತಲ್ಲಿ ಚಿಂತಾಮಣಿಯವರ ಕಡೆ ನಾನು. ಮೊಟ್ಟೆ ಇಲ್ಲದ ಸಿಹಿ ಬೇರೆಯಾಗಿ ಮಾಡಿಸಿ ತರೋ ವೇಟರಿಗೆ ದಿನದ ಟಿಪ್ಸ್ ಬಿಟ್ಟು ಕೈಗೂ ಕೊಡಬೇಕು, ಕೊನೇ ದಿನ ಲಕೋಟೆಯಲ್ಲಿ.

ಗೌರಿಬಿದನೂರು ಗಡಿ
ಮೇಡಂ, ಹಡಗು ಬಿಡೋ ಹಿಂದಿನ ದಿನವೇ ಆ ಊರು ಸೇರಿ. ತುಮಕೂರಿಂದ ಏರ್‌ಪೋರ್ಟಿಗೆ ನೆಲಮಂಗಲ, ಹೆಬ್ಬಾಳ ಮೇಲೆ ಹೋಗಿ, ರಸ್ತೆ ದೊಡ್ಡದು.

ಶಿರಾ ಲೆಕ್ಕಿಗ
ಸಂಜೆ ಹೊತ್ತು ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ರಾತ್ರಿ ವಿಮಾನ ಹೋದಂಗೇ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡೀರಿ, ಬೆಂಗಳೂರಿಗೆ ಕಾಲೇ ಇಡೋದು ಬೇಡ.

ಗೌರಿಬಿದನೂರು ಗಡಿ
ಟೋಲ್ ಯಾರು ಕಟ್ತಾರೆ, ನೀವಾ?

ಶಿರಾ ಲೆಕ್ಕಿಗ
ಹೆಬ್ಬಾಳದಿಂದ ಹೋದರೂ ಟೋಲ್ ಇದೆ, ಸಾದಹಳ್ಳಿಯಲ್ಲಿ. ದೊಡ್ಡಬಳ್ಳಾಪುರದಲ್ಲಿ ಊರೊಳಗೆ ನುಗ್ಗಬೇಡಿ ಮೇಡಂ, ಬೈಪಾಸಲ್ಲೇ ಇರಿ.